ಒನಕೆ ಇನ್ನೂ ಮೇಲೆಯೇ ಇದೆ

ಚಿತ್ರದುರ್ಗದಲ್ಲಿ ಮೂರ್ತಿ ಮಾಡುವವನಿಗೆ ಒಂದಲ್ಲ ಒಂದು ದಿನ ಓಬವ್ವನ ಆರ್ಡರ್ ಬಂದೇ ಬರುತ್ತದೆ. ನನಗೂ ಬಂತು. ಆರು ಅಡಿ, ಫೈಬರ್. ಬಂದವರು ಮೊಬೈಲ್‌ನಲ್ಲಿ ಫೋಟೊ ತೋರಿಸಿ, ‘ಹಿಂಗೇ ಇರ್ಬೇಕು ಸರ್, ಕಣ್ಣು ಮಾತ್ರ ಇನ್ನೂ ದೊಡ್ಡವಿರಲಿ’ ಅಂದರು.

ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುವಾಗ ನಾನೂ ಹಾಗೇ ಮಾಡುತ್ತಿದ್ದೆ. ದುಃಖ ಅಂದ್ರೆ ಕೆನ್ನೆ ಮೇಲೊಂದು ಹನಿ, ಸಿಟ್ಟು ಅಂದ್ರೆ ಗಂಟು ಹಾಕಿದ ಹುಬ್ಬು. ಒಂದು ಭಾನುವಾರ ಪಕ್ಕದ ಹರಿಹರಕ್ಕೆ ಹೋಗಿದ್ದೆ. 1224ರ ಹೊಯ್ಸಳರ ಗುಡಿ. ಅರ್ಧ ಹರ, ಅರ್ಧ ಹರಿ, ಆದರೆ ಮುಖ ಒಂದೇ. ಯಾವ ಕಡೆ ಯಾರು ಅಂತ ಕೈಗಳೇ ಹೇಳುತ್ತವೆ. ಅವತ್ತಿನಿಂದ ಮುಖದ ಕೆಲಸ ಕೊನೆಗೆ ಇಟ್ಟುಕೊಂಡೆ.

ಆರ್ಡರ್ ಬಂದ ಮೇಲೆ ಕೋಟೆ ಹತ್ತಿ ಕಿಂಡಿಯ ಹತ್ತಿರ ಸುಮ್ನೆ ಕೂತೆ. ಗಂಡ ಊಟಕ್ಕೆ ಬಂದಿದ್ದಾನೆ, ನೀರಿಗೆ ಹೋದವಳಿಗೆ ಸದ್ದು ಕೇಳಿಸಿದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತೂರಿ ಬರಬೇಕು. ಒಂದು ತಲೆಗೆ ಹೊಡೆದು, ಇನ್ನೊಂದು ಬರುವ ತನಕ ಅವಳು ಕಾಯಬೇಕು. ಅಲ್ಲಿ ಕಿರುಚಲಿಕ್ಕೆ ಎಲ್ಲಿಯ ಪುರುಸೊತ್ತು? ಸಿಟ್ಟಿಗಿಂತ ಕಿವಿಯೇ ಜಾಸ್ತಿ ಕೆಲಸ ಮಾಡಿರಬೇಕು, ಅಲ್ವಾ?

ಓಣಿಯ ಅಜ್ಜಿಯೊಬ್ಬರ ಕೈಗೆ ಒನಕೆ ಕೊಟ್ಟು, ಎತ್ತಿ ನಿಲ್ಲಿ ಅಂದೆ. ‘ಎತ್ತಿ ಹಿಂಗೇ ನಿಲ್ಲಕ್ಕಾಗಲ್ಲ ಕಣಪ್ಪ, ಸೊಂಟ ಹಿಡ್ಕಂತೈತೆ’ ಅಂದರು. ಅಷ್ಟರಲ್ಲಿ ನನಗೆ ಬೇಕಾದ್ದು ಸಿಕ್ಕಿತ್ತು. ಎಡಹಿಮ್ಮಡಿ ನೆಲ ಬಿಟ್ಟಿತ್ತು. ಹೆಗಲು ಕಿವಿಯ ತನಕ ಏರಿತ್ತು. ಕಾಲಿನ ಹೆಬ್ಬೆರಳು ನೆಲ ಕಚ್ಚಿ ಹಿಡಿದಿತ್ತು.

ಮೊದಲು ಎರಡು ಅಡಿಯ ಮಾದರಿ, ಜೇಡಿಮಣ್ಣಿನಲ್ಲಿ. ಬಾಯಿ ಮುಚ್ಚಿದೆ, ತಲೆ ಕಿಂಡಿಯ ಕಡೆ ವಾಲಿದೆ. ಅವಸರ ಮಾಡಿ ಸರಿಯಾಗಿ ಒಣಗುವ ಮೊದಲೇ ಕುಂಬಾರರ ಆವಿಗೆಯಲ್ಲಿ ಇಟ್ಟೆ. ಒಳಗಿನ ತೇವ ಆವಿಯಾಗಿ ಹೆಗಲೇ ಸಿಡಿದು ಹೋಯಿತು. ಬೇರೆ ಯಾವ ಭಾಗ ಒಡೆದಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ. ಎರಡನೆಯದನ್ನು ಒಳಗಿನಿಂದ ತೋಡಿ, ಎಲ್ಲ ಕಡೆ ಹೆಬ್ಬೆರಳು ದಪ್ಪಕ್ಕೆ ತಂದು, ಒದ್ದೆ ಬಟ್ಟೆ ಸುತ್ತಿ ಮೂರು ವಾರ ನೆರಳಲ್ಲಿಟ್ಟೆ. ಸುಟ್ಟಾಗ ಸ್ವಲ್ಪ ಕುಗ್ಗಿತು, ಆದರೆ ಉಳಿಯಿತು.

ಕಮಿಟಿಯವರು ಬಂದು ಸುತ್ತ ತಿರುಗಿ ನೋಡಿದರು. ‘ಕೋಪ ಎಲ್ಲಿದೆ ಸರ್?’ ಹೆಗಲು ತೋರಿಸಿದೆ. ಅವರು ಮತ್ತೆ ಮುಖವನ್ನೇ ನೋಡಿದರು.

ಕೊನೆಗೆ ಆರು ಅಡಿಯ ಮೂರ್ತಿಗೆ ಅವರು ಕೇಳಿದ ಕಣ್ಣನ್ನೇ ಕೊಟ್ಟೆ. ಮಗಳ ಫೀಸು ಕಟ್ಟಬೇಕಿತ್ತು, ಮುಚ್ಚಿಡುವುದೇನು. ಹೆಗಲು, ಹಿಮ್ಮಡಿ ಮಾತ್ರ ಬದಲಿಸಲಿಲ್ಲ. ಅವುಗಳನ್ನು ಯಾರೂ ಗಮನಿಸಲೂ ಇಲ್ಲ.

ಮಾದರಿ ನನ್ನ ಶೆಡ್ಡಿನಲ್ಲೇ ಇದೆ. ಈಗ ಅದರ ಪಕ್ಕಕ್ಕೆ, ಊಟಕ್ಕೆ ಕೂತ ಗಂಡನನ್ನು ಮಾಡುತ್ತಿದ್ದೇನೆ. ಏನೂ ಗೊತ್ತಿಲ್ಲದ ಬೆನ್ನು. ಅದು ಇನ್ನೂ ಸರಿಯಾಗಿ ಬಂದಿಲ್ಲ. ಮೊನ್ನೆ ಮೂರನೇ ಸಲ ಕೆಡವಿದೆ.