ನಟಿಯ ಫೋಟೋ ಹಿಡಿದು ಡಾಕ್ಟರ ಹತ್ತಿರ ಹೋಗುವ ಮುಂಚೆ

ಮೂಗಿನ ಸರ್ಜರಿ ಕೇಳಲು ಹೋದಾಗ ನನ್ನ ಮೊಬೈಲಿನಲ್ಲಿ ಒಬ್ಬ ನಟಿಯ 14 ಫೋಟೋ ಇದ್ದವು. ಡಾಕ್ಟರು ಎಲ್ಲವನ್ನೂ ನೋಡಿ, "ಇದರಲ್ಲಿ ಮೇಕಪ್ ಇಲ್ಲದ್ದು ಯಾವುದಮ್ಮಾ?" ಅಂದರು. ಒಂದೂ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಹೆಸರು ಬಿಟ್ಟು ಕೇಳಿ ನೋಡಿ. 'ಅವಳ ಥರದ ಮೂಗು' ಬೇಡ, 'ಮೂಗಿನ ಮೇಲಿನ ಉಬ್ಬು ಕಡಿಮೆಯಾಗಬೇಕು' ಅನ್ನಿ. ಹಾಗೆ ಹೇಳಲು ಬರದಿದ್ದರೆ ನಿಮಗೆ ಬೇಕಿರುವುದು ಅವಳ ಮೂಗೋ, ಅವಳ ಬದುಕೋ? ನನಗಂತೂ ಎರಡನೆಯದೇ ಬೇಕಿತ್ತು.

ಮೂಳೆ, ಚರ್ಮದ ದಪ್ಪ ನಿಮ್ಮದೇ ಅಲ್ವಾ? ಚರ್ಮ ದಪ್ಪವಿದ್ದರೆ ಒಳಗೆ ಎಷ್ಟು ನಾಜೂಕಾಗಿ ಕೆತ್ತಿದರೂ ಹೊರಗೆ ಅಷ್ಟು ಕಾಣದು. ಊತ ಪೂರ್ತಿ ಇಳಿಯಲು ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಮತ್ತೆ ಸರಿಮಾಡಿಸಬೇಕಾದರೆ ಕೆಲವೊಮ್ಮೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿ (ಎಲುಬಿಗಿಂತ ಮೆತ್ತಗಿರುವ, ಬಾಗುವ ಭಾಗ) ತೆಗೆದು ಮೂಗಿಗೆ ಹಾಕುತ್ತಾರೆ. ಅಷ್ಟರಲ್ಲಿ ಆ ನಟಿಯ ಫ್ಯಾಷನ್ನೇ ಹಳೆಯದಾಗಿರುತ್ತದೆ!

ಡಾಕ್ಟರನ್ನೂ ಅಳೆಯಿರಿ. 'ಥೇಟ್ ಅವಳ ಹಾಗೇ ಮಾಡಿಕೊಡ್ತೀನಿ' ಅಂದರೆ ಸುಮ್ನೆ ಎದ್ದು ಬನ್ನಿ. 'ಯಾಕೆ ಬೇಕು, ಯಾರಾದರೂ ಹೇಳಿದರಾ?' ಅಂತ ಕೇಳುವವರ ಮುಂದೆ ಕೂತುಕೊಳ್ಳಿ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುತ್ತಾ, ಬೇರೆಯವರಿಗೆ ಕಾಣದ ಕೊರತೆ ನಿಮಗೆ ಕಾಣುತ್ತಿದ್ದರೆ ಅದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುವ ಮಾನಸಿಕ ಸಮಸ್ಯೆ ಇರಬಹುದು. ಅದಕ್ಕೆ ಸರ್ಜರಿಯಿಂದ ಸಾಮಾನ್ಯವಾಗಿ ಸಮಾಧಾನ ಸಿಗುವುದಿಲ್ಲ, ಮನೋವೈದ್ಯರನ್ನು ಕಾಣಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ.

ನನಗೆ ಡಾಕ್ಟರು ಮೂರು ತಿಂಗಳು ಬಿಟ್ಟು, ನನ್ನದೇ ಫೋಟೋ ತರಲು ಹೇಳಿದರು. ಇನ್ನೂ ಹೋಗಿಲ್ಲ.