ಇಂಪ್ಲಾಂಟ್ ಸರ್ಜರಿ ಆದ ಮೇಲೆ ಹೊಲಿಗೆಯ ಆರೈಕೆ ಹೇಗೆ?

ಸ್ತನದ ಗಾತ್ರ ಹೆಚ್ಚಿಸಿಕೊಳ್ಳುವ ಸರ್ಜರಿ ಮಾಡಿಸಿಕೊಂಡ ಎಷ್ಟೋ ಜನ ಮನೆಯಲ್ಲಿ ಹೇಳಿರುವುದಿಲ್ಲ. ಹಾಗಾಗಿ ಗಾಯದ ಆರೈಕೆಯೂ ಬಾತ್‌ರೂಮಿನ ಚಿಲಕ ಹಾಕಿಕೊಂಡು, ಗುಟ್ಟಾಗಿ, ಅವಸರದಲ್ಲಿ ನಡೆಯುತ್ತದೆ. ಡ್ರೆಸಿಂಗ್ ರೂಮಿನಲ್ಲಿ ನರ್ಸ್ ಆಗಿ ನಾನು ನೋಡುವ ತಪ್ಪುಗಳು ಹುಟ್ಟುವುದೇ ಅಲ್ಲಿ.

ಮೊದಲ ವಾರ ಸುಲಭ. ತಲೆ ಎತ್ತರಿಸಿ ಅಂಗಾತ ಮಲಗಿ, ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿ, ಸರ್ಜಿಕಲ್ ಬ್ರಾ ಹಗಲೂ ರಾತ್ರಿ ಹಾಕಿರಿ. ಅಷ್ಟೆ.

ಕಷ್ಟ ಇರುವುದು ಸ್ನಾನದಲ್ಲಿ. ಸಾಮಾನ್ಯವಾಗಿ ಗಾಯ ಇರುವುದು ಸ್ತನದ ಕೆಳಗಿನ ಮಡಿಕೆಯಲ್ಲಿ, ನಾಲ್ಕೈದು ಸೆಂಟಿಮೀಟರ್ ಉದ್ದ. ಗಾಳಿ ಆಡದ, ಬೆವರು ನಿಲ್ಲುವ ಜಾಗ ಅದು. ಡಾಕ್ಟರ್ ಒಪ್ಪಿದ ಮೇಲೆ ಉಗುರುಬೆಚ್ಚಗಿನ ನೀರನ್ನು ಚೊಂಬಿನಿಂದ ಭುಜದ ಮೇಲಿಂದ ಬಿಡಿ, ಎದೆಗೆ ನೇರವಾಗಿ ಎರಚಬೇಡಿ. ಆಮೇಲೆ ಹಳೆಯ, ಒಗೆದ ಕಾಟನ್ ಬಟ್ಟೆ ತೆಗೆದುಕೊಳ್ಳಿ. ಒಂದು ಕೈಯಲ್ಲಿ ಸ್ತನವನ್ನು ಬೆರಳಗಲ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಮಡಿಕೆಯ ನೀರನ್ನು ಒತ್ತಿ ಒತ್ತಿ ಹೀರಿಸಿ. ಉಜ್ಜಬೇಡಿ. ಫ್ಯಾನಿನ ಕೆಳಗೆ ಐದು ನಿಮಿಷ ಕೂತು, ಪೂರ್ತಿ ಒಣಗಿದ ಮೇಲೇ ಬ್ರಾ ಹಾಕಿ. ಮೇಲೆ ಅಂಟಿಸಿದ ಟೇಪ್ ಅಂಚು ಎದ್ದರೆ ಕೀಳಬೇಡಿ, ತಾನಾಗಿ ಬೀಳಲಿ.

ಪೌಡರ್ ಮಾತ್ರ ಬೇಡವೇ ಬೇಡ. ಬೆವರಿನ ಜೊತೆ ಸೇರಿ ದೋಸೆ ಹಿಟ್ಟಿನಂತಾಗಿ ಹೊಲಿಗೆಗೆ ಮೆತ್ತಿಕೊಂಡಿದ್ದನ್ನು ನಾನೇ ಸಲೈನ್ ಹಾಕಿ ನೆನೆಸಿ ತೆಗೆದಿದ್ದೇನೆ. ಅರಿಶಿನ, ಕೊಬ್ಬರಿ ಎಣ್ಣೆ, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ. ಆ ನೊರೆ ಹೊಸ ಚರ್ಮವನ್ನೂ ಸುಡುತ್ತದೆ.

ಚುಳ್ ಅಂತ ಕರೆಂಟ್ ಹೊಡೆದ ಹಾಗೆ ಆದರೆ ಹೆದರಬೇಡಿ, ನರಗಳು ಮತ್ತೆ ಎಚ್ಚೆತ್ತುಕೊಳ್ಳುತ್ತಿರುತ್ತವೆ. ಕೆಲವು ಕಡೆ ಮರಗಟ್ಟಿರುವುದೂ ಸಹಜ. ಅದಕ್ಕೇ ಬಿಸಿನೀರಿನ ಚೀಲ, ಐಸ್ ಎರಡೂ ಅಪಾಯ: ಸುಟ್ಟರೂ ಗೊತ್ತಾಗುವುದಿಲ್ಲ. ಆದರೆ ಒಂದೇ ಕಡೆ ದಿಢೀರನೆ ಊದಿಕೊಂಡು ಬಿಗಿದರೆ, ಕೆಂಪು ಹರಡಿದರೆ, ಕೀವು ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.

ಎರಡನೇ ವಾರದ ಹೊತ್ತಿಗೆ ಗಾಯ ಮುಚ್ಚಿದ ಹಾಗೆ ಕಾಣುತ್ತದೆ. ಮೋಸ ಇರುವುದೇ ಅಲ್ಲಿ. ಮೂರು ವಾರಕ್ಕೆ ಚರ್ಮಕ್ಕೆ ಬರುವುದು ಮೊದಲಿನ ಬಲದ ಐದನೇ ಒಂದು ಭಾಗ ಅಷ್ಟೆ. ತುಂಬಿದ ಬಕೆಟ್, ಅಟ್ಟದ ಮೇಲಿನ ಡಬ್ಬ, ಎತ್ತರದ ತಂತಿಗೆ ಬಟ್ಟೆ ಹಾಕುವುದು ಆಮೇಲಿರಲಿ. ಡಾಕ್ಟರ್ ಬಿಡುವವರೆಗೆ ತಂತಿ ಇರುವ ಬ್ರಾ ಕೂಡ ಬೇಡ.

ಊಟದ ವಿಷಯಕ್ಕೆ ಮನೆಯ ಹಿರಿಯರ ಜೊತೆ ಜಗಳ ಆಡಿಯಾದರೂ ಸರಿ, ಗಂಜಿ ಸಾರಿನಲ್ಲೇ ದಿನ ಕಳೆಯಬೇಡಿ. ಬದನೆಕಾಯಿ ನಂಜು, ಮೊಟ್ಟೆ ನಂಜು ಅನ್ನುತ್ತಾರೆ. ಗಾಯ ಮಾಯಲು ಪ್ರೋಟೀನ್ ಬೇಕು: ಬೇಳೆ, ಮೊಸರು, ಮೊಟ್ಟೆ ತಿನ್ನಿ. ಸಿಗರೇಟು ಸೇದುವವರ ಗಾಯ ಮಾಯುವುದು ತಡ, ಬಿಡಿ ಅಂತ ಎಷ್ಟು ಸಲ ಹೇಳಲಿ?

ಕಲೆಗೆ ಸಿಲಿಕೋನ್ ಪಟ್ಟಿ, ಅದೂ ಗಾಯ ಪೂರ್ತಿ ಮುಚ್ಚಿದ ಮೇಲೆ. ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ, ಎರಡು ಮೂರು ತಿಂಗಳು ಹಾಕಬೇಕು. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವುದು ಸುಮ್ನೆ ದುಡ್ಡು ದಂಡ, ಕೆಲವರಿಗೆ ತುರಿಕೆ ಬೇರೆ. ಕಲೆ ಮಾಸಲು ಒಂದು ವರ್ಷವೋ ಒಂದೂವರೆಯೋ ಹಿಡಿಯುತ್ತದೆ. ಬದಲಿಗೆ ಉಬ್ಬಿ, ಗಾಯದ ಗೆರೆ ದಾಟಿ ಬೆಳೆಯತೊಡಗಿದರೆ ಅದು ಕೀಲಾಯ್ಡ್ ಇರಬಹುದು, ಬೇಗ ತೋರಿಸಿ.

ಕೆಲವರಿಗೆ ವಾರಗಳಾದ ಮೇಲೆ ಕರಗಬೇಕಿದ್ದ ದಾರದ ತುದಿ ಮುಳ್ಳಿನ ಹಾಗೆ ಹೊರಗೆ ಇಣುಕುತ್ತದೆ. ಉಗುರಿನಿಂದ ಎಳೆಯಬೇಡಿ. ಬನ್ನಿ, ಕತ್ತರಿಸಿಕೊಡಲು ನಮಗೆ ಎರಡು ನಿಮಿಷ ಸಾಕು.