ಮುಟ್ಟಿ ನೋಡುವ ವಸ್ತುಗಳಿಗೆ ಹೊಸ ನೆಲೆ ಹುಡುಕಿದ ಬಗೆ

ನಮ್ಮ ವಸ್ತುಸಂಗ್ರಹಾಲಯದಲ್ಲಿ ‘ಮುಟ್ಟಬಾರದು’ ಎಂಬ ಫಲಕವೇ ಇರಲಿಲ್ಲ. ಮಕ್ಕಳು ತಿರುಗಿಸಿ, ಎಳೆದು, ಊದಿ, ಕೂಗಿ ನೋಡಲೆಂದೇ ಮಾಡಿಟ್ಟ 47 ಪ್ರದರ್ಶಿಕೆಗಳು, ಒಂದು ಗಾಜಿನ ಕಪಾಟಿನಲ್ಲಿ ದಾನವಾಗಿ ಬಂದ ಕೆಲವು ಹಳೆಯ ಉಪಕರಣಗಳು, ಹಿಂಬದಿಯಲ್ಲೊಂದು ಪುಟ್ಟ ಕಾರ್ಯಾಗಾರ, ಇಷ್ಟೇ ನಮ್ಮ ಆಸ್ತಿಯಾಗಿತ್ತು. ಕಟ್ಟಡದ ಗುತ್ತಿಗೆ ಮುಂದುವರಿಯುವುದಿಲ್ಲ ಎಂಬುದು ಖಚಿತವಾದಾಗ ನಮ್ಮ ಕೈಯಲ್ಲಿ 8 ತಿಂಗಳಿದ್ದವು. ಅವುಗಳಲ್ಲಿ ಮೊದಲ ಎರಡನ್ನು ಬೇರೆ ಜಾಗ ಸಿಕ್ಕೀತೆಂಬ ಆಸೆಯಲ್ಲಿ ಕಳೆದೆ. ಆ ಎರಡು ತಿಂಗಳ ಕೊರತೆ ಕೊನೆಯ ವಾರಗಳಲ್ಲಿ ನಮ್ಮನ್ನು ರಾತ್ರಿಯೂ ದುಡಿಸಿತು.

ಮೊದಲು ಕೈಗೆತ್ತಿಕೊಂಡದ್ದು ದಾಖಲೆ ಪುಸ್ತಕವನ್ನು. ಯಾವ ವಸ್ತು ಯಾರದ್ದು ಎಂಬ ಪ್ರಶ್ನೆಗೆ ನನಗೆ ಉತ್ತರ ಗೊತ್ತಿದೆ ಎಂದೇ ಭಾವಿಸಿದ್ದೆ. ಕಾಗದಗಳನ್ನು ತೆಗೆದು ನೋಡಿದರೆ 3 ವಸ್ತುಗಳು ಎರವಲು ಬಂದವು, ಇನ್ನೊಂದನ್ನು ಅನುದಾನದ ಹಣದಲ್ಲಿ ಮಾಡಿಸಿದ್ದು, ಹಣ ಕೊಟ್ಟವರ ಒಪ್ಪಿಗೆಯಿಲ್ಲದೆ ಅದನ್ನು ಬೇರೆಯವರಿಗೆ ವಹಿಸುವಂತಿರಲಿಲ್ಲ. ಕಪಾಟಿನಲ್ಲಿದ್ದ ಹಳೆಯ ಉಪಕರಣಗಳ ವಿಷಯ ಬೇರೆ. ಅವು ಸಂಗ್ರಹವೆಂದು ವಿಧಿವತ್ತಾಗಿ ನೋಂದಣಿಯಾದವು. ಅಂಥವನ್ನು ಕೈಬಿಡುವಾಗ ಮೊದಲು ಮತ್ತೊಂದು ವಸ್ತುಸಂಗ್ರಹಾಲಯಕ್ಕೇ ಕೇಳಬೇಕು, ಮಾರಿದರೂ ಬಂದ ಹಣ ಸಂಗ್ರಹದ ಒಳಿತಿಗೇ ಸಲ್ಲಬೇಕು ಎಂಬುದು ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ನೀತಿಸಂಹಿತೆಯ ಧೋರಣೆ. ಕೈಯಿಂದ ಆಡಿಸುವ ಪ್ರದರ್ಶಿಕೆಗಳು ಆ ಅರ್ಥದಲ್ಲಿ ಸಂಗ್ರಹವಲ್ಲ, ಅವು ಸವೆಯಲೆಂದೇ ಹುಟ್ಟಿದ ವಸ್ತುಗಳು. ಆದ್ದರಿಂದ ನಾವು ಎರಡು ಪ್ರತ್ಯೇಕ ಪಟ್ಟಿಗಳನ್ನು ಮಾಡಿಕೊಂಡು, ಕಪಾಟಿನ ಪಟ್ಟಿಯನ್ನು ನಮ್ಮಂಥದೇ ದೊಡ್ಡ ಸಂಸ್ಥೆಯೊಂದಕ್ಕೆ ಒಪ್ಪಿಸಿ ಒಂದೇ ತಿಂಗಳಲ್ಲಿ ಮುಗಿಸಿದೆವು. ಉಳಿದ 47ರ ಕತೆಯೇ ದೀರ್ಘವಾದದ್ದು.

ಅವುಗಳ ಮುಂದೆ ಒಂದೊಂದಾಗಿ ನಿಂತು, ಅದು ಕಳೆದ ವರ್ಷ ಎಷ್ಟು ದಿನ ಕೆಟ್ಟು ನಿಂತಿತ್ತು ಎಂಬುದನ್ನು ದುರಸ್ತಿ ದಿನಚರಿಯಿಂದ ತೆಗೆದು ಬರೆದುಕೊಂಡೆ. ಚೆನ್ನಾಗಿದೆ ಎಂದು ನಾನು ಹೇಳಿಕೊಂಡು ಬಂದಿದ್ದ ಕೆಲವು ಪ್ರದರ್ಶಿಕೆಗಳು ವರ್ಷದ ಮೂರನೇ ಒಂದು ಭಾಗ ‘ದುರಸ್ತಿಯಲ್ಲಿದೆ’ ಫಲಕದ ಹಿಂದೆಯೇ ಇದ್ದವೆಂಬುದು ಆಗ ಕಣ್ಣಿಗೆ ಬಿತ್ತು. ಇದೇ ಸುತ್ತಿನಲ್ಲಿ ಅಪಾಯಕಾರಿ ಭಾಗಗಳನ್ನೂ ಗುರುತಿಸಿದೆವು. ಅಯಸ್ಕಾಂತದಿಂದ ಚಿತ್ರ ಸೊಟ್ಟಗಾಗುವುದನ್ನು ತೋರಿಸಲು ಇಟ್ಟಿದ್ದ ಹಳೆಯ ಟಿವಿಯ ಕೊಳವೆಯ ಗಾಜಿನಲ್ಲಿ ಸೀಸವಿರುತ್ತದೆ, ಒಳಗೆ ನಿರ್ವಾತವಿರುವುದರಿಂದ ಒಡೆದರೆ ಚೂರುಗಳು ಸಿಡಿಯುತ್ತವೆ. ವಾಲಿಸಿದರೆ ದೀಪ ಹತ್ತುವ ಪೆಟ್ಟಿಗೆಯೊಳಗೆ ಪಾದರಸದ ಸ್ವಿಚ್ಚಿತ್ತು. ಮೋಡದ ಕೋಠಿಯಲ್ಲಿ ಕಣಗಳ ಜಾಡು ಮೂಡಿಸುತ್ತಿದ್ದದ್ದು ವಿಕಿರಣ ಸೂಸುವ ಥೋರಿಯಂ ಬೆರೆತ ಒಂದು ಟಂಗ್‌ಸ್ಟನ್ ಕಡ್ಡಿ. ಇವುಗಳನ್ನು ಯಾರಿಗೂ ದಾನ ಮಾಡಲಿಲ್ಲ. ಆ ಬಗೆಯ ತ್ಯಾಜ್ಯವನ್ನು ಸ್ವೀಕರಿಸುವ ಅಧಿಕಾರವಿದ್ದವರಿಗೆ ಮಾತ್ರ ಒಪ್ಪಿಸಿ ರಸೀದಿ ಇಟ್ಟುಕೊಂಡೆವು. ನೋಡಲು ಹಾನಿಯಿಲ್ಲದಂತೆ ಕಾಣುವ ಪೆಟ್ಟಿಗೆಯನ್ನು ಒಳಗೇನಿದೆ ಎಂದು ಹೇಳದೆ ಶಾಲೆಯೊಂದಕ್ಕೆ ಕೊಡುವುದು ಔದಾರ್ಯವಾಗುವುದಿಲ್ಲ.

ಸುದ್ದಿ ಹರಡಿದ ಕೂಡಲೇ ಬೇಡಿಕೆಗಳು ಬಂದವು. ಬಂದವರಲ್ಲಿ ಬಹುತೇಕರು ಮೊದಲು ಕೇಳಿದ್ದು ನಾಣ್ಯ ಸುತ್ತುತ್ತಾ ಇಳಿಯುವ ದೊಡ್ಡ ಆಲಿಕೆಯನ್ನು. ಇಡೀ ಕಟ್ಟಡದಲ್ಲಿ ತಾನೇ ದುಡಿಯುತ್ತಿದ್ದ ವಸ್ತು ಅದೊಂದೇ ಆಗಿದ್ದರಿಂದ ಅವರನ್ನು ತಪ್ಪೆನ್ನಲಾರೆ. ನಾನು ಅದನ್ನು ಕೊನೆಯವರೆಗೂ ಬಿಟ್ಟುಕೊಡದೆ, ಯಾರೂ ಕೇಳದ ರಾಟೆಗಳ ಮೇಜು ಮತ್ತು ಹಲ್ಲುಗಾಲಿಗಳ ಗೋಡೆಯನ್ನೂ ಜೊತೆಗೆ ಒಯ್ಯುವವರಿಗಷ್ಟೇ ಆಲಿಕೆ ಎಂದು ಷರತ್ತು ಹಾಕಿದೆ. ಸ್ವಲ್ಪ ವ್ಯಾಪಾರಿ ಬುದ್ಧಿ ಎನಿಸಬಹುದು, ಆದರೆ ಮಕ್ಕಳು ಅತಿ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಆ ರಾಟೆಗಳ ಮುಂದೆ ಎಂಬುದನ್ನು ನಾನು ವರ್ಷಗಟ್ಟಲೆ ಕಂಡಿದ್ದೆ.

ನನ್ನ ದೊಡ್ಡ ತಪ್ಪು ಆದದ್ದು ಆರಂಭದಲ್ಲಿಯೇ. ಕೈಯಿಂದ ತಿರುಗಿಸಿ ವಿದ್ಯುತ್ತು ಉತ್ಪಾದಿಸುವ ಮೇಜನ್ನು ಒಂದು ಶಾಲೆಯ ಉತ್ಸಾಹಿ ಶಿಕ್ಷಕರೊಬ್ಬರು ಕೇಳಿದರು, ಸಂತೋಷದಿಂದ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಅತ್ತ ಹೋದಾಗ ಆ ಶಿಕ್ಷಕರಿಗೆ ವರ್ಗವಾಗಿತ್ತು. ಹಿಡಿಕೆ ಮುರಿದ ಮೇಜು ಉಗ್ರಾಣದಲ್ಲಿ ಮುರುಕು ಬೆಂಚುಗಳ ಕೆಳಗಿತ್ತು. ಮುರಿದದ್ದು ಒಂದು ಪಿನ್ನು ಮಾತ್ರ. ಹಿಡಿಕೆಗೆ ಅತಿಯಾದ ಬಲ ಬಿದ್ದಾಗ ಗೇರಿನ ಬದಲು ಆ ಪಿನ್ನೇ ತುಂಡಾಗಲಿ ಎಂದು ನಾವೇ ಉದ್ದೇಶಪಟ್ಟು ಮೆದು ಲೋಹದಲ್ಲಿ ಮಾಡಿದ್ದೆವು, ನಮ್ಮಲ್ಲಿ ಎರಡು ವಾರಕ್ಕೊಮ್ಮೆ ಅದನ್ನು ಬದಲಿಸುತ್ತಿದ್ದೆವು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೇಜನ್ನು ಕೊಟ್ಟಿದ್ದೆ, ಪಿನ್ನಿನ ಸಂಗತಿಯನ್ನು ನನ್ನಲ್ಲೇ ಇಟ್ಟುಕೊಂಡಿದ್ದೆ.

ಅಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆಯೇ ಬದಲಾಯಿತು. ‘ಇದನ್ನು ಎಲ್ಲಿ ಇಡುತ್ತೀರಿ?’ ಎನ್ನುವ ಬದಲು ‘ಇದು ಕೆಟ್ಟ ದಿನ ಸ್ಕ್ರೂಡ್ರೈವರ್ ಹಿಡಿಯುವವರು ಯಾರು?’ ಎಂದು ಕೇಳತೊಡಗಿದೆ. ಇಬ್ಬರ ಹೆಸರು ಹೇಳಬೇಕು, ಅವರಿಬ್ಬರೂ ನಮ್ಮಲ್ಲಿಗೆ ಬಂದು ಅರ್ಧ ದಿನ ಕುಳಿತು ಆ ಪ್ರದರ್ಶಿಕೆಯನ್ನು ಬಿಚ್ಚಿ ಮತ್ತೆ ಜೋಡಿಸಬೇಕು ಎಂಬುದು ನಿಯಮವಾಯಿತು. ಇದರಿಂದ ಬೇಡಿಕೆ ಅರ್ಧಕ್ಕಿಳಿಯಿತು. ನನಗೆ ಅದರಿಂದ ಬೇಸರವಾಗಲಿಲ್ಲ. ಜೊತೆಗೆ ಪ್ರತಿಯೊಂದಕ್ಕೂ ಒಂದು ಹಾಳೆ ಬರೆದೆವು: ಯಾವ ಭಾಗ ಸವೆಯುತ್ತದೆ, ಎಷ್ಟು ದಿನಕ್ಕೊಮ್ಮೆ, ಬೇರಿಂಗ್ ಮತ್ತು ಬೆಲ್ಟಿನ ಅಳತೆ ಏನು, ಮಕ್ಕಳು ನಾವು ಊಹಿಸದ ಯಾವ ರೀತಿಯಲ್ಲಿ ಅದನ್ನು ಬಳಸುತ್ತಾರೆ, ಎಲ್ಲಿ ಹತ್ತಿ ನಿಲ್ಲುತ್ತಾರೆ. ಆ ಕೊನೆಯ ಸಾಲುಗಳನ್ನು ಬರೆಯಲು ನನಗಿಂತ ಹೆಚ್ಚು ನೆರವಾದವರು ಪ್ರತಿದಿನ ಸಂಜೆ ಕಸ ಗುಡಿಸುತ್ತಿದ್ದ ಸಿಬ್ಬಂದಿ.

ಹಾಳೆ ಬರೆಯುವಾಗ ಫಲಕಗಳನ್ನೂ ಮತ್ತೆ ಓದಿದೆವು. ಗಾಳಿಯ ಚಿಲುಮೆಯ ಮೇಲೆ ಚೆಂಡು ತೇಲುವ ಪ್ರದರ್ಶಿಕೆಯ ಫಲಕ ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡ ಕಡಿಮೆ ಎನ್ನುವ ಬರ್ನೂಲಿಯ ತತ್ತ್ವವೊಂದನ್ನೇ ಹೇಳಿ ಮುಗಿಸಿತ್ತು. ಚಿಲುಮೆಯನ್ನು ವಾಲಿಸಿದಾಗಲೂ ಚೆಂಡು ಬೀಳದಿರುವುದು, ಗಾಳಿ ಚೆಂಡಿನ ಮೈಗೆ ಅಂಟಿಕೊಂಡು ಬಾಗಿ ಕೆಳಕ್ಕೆ ತಿರುಗುವುದರಿಂದ ಮತ್ತು ಗಾಳಿ ಕೆಳಕ್ಕೆ ತಳ್ಳಲ್ಪಟ್ಟಾಗ ಚೆಂಡು ಮೇಲಕ್ಕೆ ತಳ್ಳಲ್ಪಡುವುದರಿಂದ. ಇಷ್ಟು ವರ್ಷ ಅರೆಬರೆ ವಿವರಣೆ ಕೊಟ್ಟೆವಲ್ಲ ಎಂದು ನಾಚಿಕೊಂಡು, ಹೊಸ ಫಲಕ ಬರೆಸಿ ಕಳುಹಿಸಿದೆವು.

ಕೆಲವು ವಸ್ತುಗಳು ಜಾಗಕ್ಕೆ ಅಂಟಿಕೊಂಡಿರುತ್ತವೆ. ಭೂಮಿ ತಿರುಗುವುದನ್ನು ಕಾಣಿಸಲು ಫೂಕೋ 1851ರಲ್ಲಿ ತೋರಿಸಿದ ಲೋಲಕದ ಚಿಕ್ಕ ಆವೃತ್ತಿ ನಮ್ಮಲ್ಲಿತ್ತು, ಅದರ ಕೆಳಗಿನ ವೃತ್ತದಲ್ಲಿ ಗಂಟೆಗಳನ್ನು ಕೆತ್ತಿದ್ದೆವು. ಲೋಲಕದ ತೂಗಾಟದ ದಿಕ್ಕು ಒಂದು ಸುತ್ತು ತಿರುಗಲು ಬೇಕಾದ ಕಾಲ ಅಕ್ಷಾಂಶವನ್ನು ಅವಲಂಬಿಸಿದೆ: 30 ಡಿಗ್ರಿಯಲ್ಲಿ 48 ಗಂಟೆ, 45 ಡಿಗ್ರಿಯಲ್ಲಿ ಸುಮಾರು 34 ಗಂಟೆ. ಅದನ್ನು ಪಡೆದವರ ಊರು ಬೇರೆ ಅಕ್ಷಾಂಶದಲ್ಲಿದ್ದುದರಿಂದ ಕೆತ್ತಿದ ವೃತ್ತವನ್ನು ಉಳಿಸಿಕೊಂಡು ಗುಂಡು, ತಂತಿ ಮತ್ತು ಲೆಕ್ಕವನ್ನಷ್ಟೇ ಕಳುಹಿಸಿದೆವು. ಅಂಗಳದ ನೆರಳು ಗಡಿಯಾರಕ್ಕೂ ಅದೇ ಗತಿ, ಅದರ ಕಡ್ಡಿಯ ಕೋನ ಅಕ್ಷಾಂಶಕ್ಕೆ ಸಮನಾಗಿರಬೇಕು.

ಪಿಸುಮಾತಿನ ತಟ್ಟೆಗಳು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದವು. ಎದುರುಬದುರಾಗಿ ದೂರದಲ್ಲಿ ನಿಲ್ಲಿಸಿದ ಎರಡು ಪರವಲಯ ತಟ್ಟೆಗಳಲ್ಲಿ ಒಂದರ ನಾಭಿಯಲ್ಲಿ (ತಟ್ಟೆಗೆ ಬಡಿದ ಧ್ವನಿ ಬಂದು ಸೇರುವ ಬಿಂದುವಿನಲ್ಲಿ) ಪಿಸುಗುಟ್ಟಿದರೆ ಇನ್ನೊಂದರ ನಾಭಿಯಲ್ಲಿ ಕೇಳಿಸುತ್ತದೆ. ಒಯ್ದವರು ಅವನ್ನು ಚೆಂದವಾಗಿ ನೆಟ್ಟು, ಏನೂ ಕೇಳಿಸುತ್ತಿಲ್ಲ ಎಂದು ಕರೆ ಮಾಡಿದರು. ಹೋಗಿ ನೋಡಿದರೆ ನಾಭಿಯನ್ನು ತೋರಿಸುವ ಕಬ್ಬಿಣದ ಬಳೆಯನ್ನು ಸಾಗಣೆಗಾಗಿ ಬಿಚ್ಚಿದ್ದವರು ಅಂದಾಜಿನಲ್ಲಿ ಮರಳಿ ಜೋಡಿಸಿದ್ದರು. ತಟ್ಟೆಯ ವ್ಯಾಸದ ವರ್ಗವನ್ನು ಆಳದ 16 ಪಟ್ಟಿನಿಂದ ಭಾಗಿಸಿದರೆ ನಾಭಿದೂರ ಸಿಗುತ್ತದೆ. ನಮ್ಮದು 240 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ಎಂದರೆ ನಾಭಿ 80 ಸೆಂಟಿಮೀಟರ್ ಮುಂದೆ. ಅವರ ಬಳೆ ಒಂದು ಗೇಣಿನಷ್ಟು ಹಿಂದಿತ್ತು. ರಸಮಟ್ಟ ಇಟ್ಟು ತಟ್ಟೆಗಳನ್ನು ನೇರ ಮಾಡಿ, ಕೇಂದ್ರದಿಂದ ಕೇಂದ್ರಕ್ಕೆ ದಾರ ಎಳೆದು, ಬಳೆಯನ್ನು ಸರಿಸಿದ ಮೇಲೆ ಅವು ಮಾತನಾಡಿದವು.

ಕಂಪ್ಯೂಟರಿನ ಮೇಲೆ ನಿಂತಿದ್ದ 5 ಪ್ರದರ್ಶಿಕೆಗಳಲ್ಲಿ 4 ಅನಿಮೇಶನ್ ತಂತ್ರಾಂಶವಾದ ಫ್ಲ್ಯಾಶ್‌ನಲ್ಲಿ ಬರೆದವು. ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ನಮ್ಮ ಯಂತ್ರಗಳು ಅಂತರ್ಜಾಲಕ್ಕೆ ಸೇರದೆ ಹಳೆಯ ತಂತ್ರಾಂಶದಲ್ಲೇ ಉಸಿರಾಡುತ್ತಿದ್ದವು. ಅವುಗಳನ್ನು ಕೊಡುವುದೆಂದರೆ ಸಮಸ್ಯೆಯನ್ನು ಕೊಡುವುದೆಂದು ತೀರ್ಮಾನಿಸಿ, ಡಿಸ್ಕುಗಳ ನಕಲು ತೆಗೆದಿಟ್ಟು ಯಂತ್ರಗಳನ್ನು ಬಿಚ್ಚಿದೆವು.

ವಸ್ತುವನ್ನೇ ಕಳುಹಿಸಬೇಕೆಂಬ ಹಟವನ್ನೂ ನಡುವೆ ಬಿಟ್ಟೆ. ಫ್ರ್ಯಾಂಕ್ ಆಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೆರೆದ ಎಕ್ಸ್‌ಪ್ಲೊರೇಟೋರಿಯಂ ತನ್ನ ಪ್ರದರ್ಶಿಕೆಗಳನ್ನು ಮಾಡುವ ವಿಧಾನವನ್ನು ಅಡುಗೆ ಪುಸ್ತಕದಂತೆ ಅಚ್ಚು ಮಾಡಿ, ಬೇರೆಯವರೂ ಮಾಡಿಕೊಳ್ಳಲೆಂದು ಹೊರತಂದಿತ್ತು. ನಮ್ಮಲ್ಲಿದ್ದ ಹಲವು ವಸ್ತುಗಳ ಮೂಲ ಕಲ್ಪನೆ ಅಂಥ ಬರಹಗಳಿಂದಲೇ ಬಂದದ್ದು. ನಮ್ಮ ಅಲೆಗಳ ತೊಟ್ಟಿ ಬಾಗಿಲಲ್ಲಿ ತೂರುತ್ತಿರಲಿಲ್ಲ, ತೂರಿದರೂ 300 ಲೀಟರ್ ನೀರು ತುಂಬಿದಾಗ ನೀರಿನದೇ 300 ಕಿಲೋ ಭಾರವನ್ನು ಕೇಳಿದವರ ಮಾಳಿಗೆಯ ನೆಲ ಹೊರುವಂತಿರಲಿಲ್ಲ. ಅದಕ್ಕೆ ನಾವು ಅಳತೆಗಳೊಡನೆ ನಕ್ಷೆ ಬರೆದುಕೊಟ್ಟೆವು, ಅವರು ತಮ್ಮ ನೆಲಕ್ಕೆ ತಕ್ಕಂತೆ ಚಿಕ್ಕದೊಂದನ್ನು ಕಟ್ಟಿಕೊಂಡರು. ಅದು ನಮ್ಮದಕ್ಕಿಂತ ಚೆನ್ನಾಗಿದೆ.

ಸಾಗಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದೆವು, ಪ್ರತಿ ತಂತಿಯ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿದೆವು, ನಟ್ಟು ಬೋಲ್ಟುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಆಯಾ ಭಾಗಕ್ಕೇ ಕಟ್ಟಿದೆವು. ಕೊಡುವಾಗ ಎರಡೂ ಕಡೆಯವರು ಸಹಿ ಹಾಕಿದ ಒಂದು ಪುಟದ ಪತ್ರವಿತ್ತು: ವಸ್ತು ಇದ್ದ ಸ್ಥಿತಿಯಲ್ಲಿಯೇ ಕೊಡಲಾಗಿದೆ, ಲಾರಿಗೆ ಏರಿದ ಕ್ಷಣದಿಂದ ಒಡೆತನ ಅವರದು, ಸಾರ್ವಜನಿಕರ ಮುಂದಿಡುವ ಮೊದಲು ವಿದ್ಯುತ್ ಸುರಕ್ಷತೆಯನ್ನು ಅವರೇ ಪರೀಕ್ಷಿಸಿಕೊಳ್ಳಬೇಕು. ದಾನಿಗಳ ಹೆಸರಿನ ಪಟ್ಟಿ ಉಳಿಯಬೇಕೆ ಬೇಡವೆ ಎಂಬುದನ್ನೂ ಅದರಲ್ಲೇ ಬರೆದದ್ದರಿಂದ ಮುಂದೆ ಮನಸ್ತಾಪಗಳು ತಪ್ಪಿದವು.

ಕೊನೆಗೆ 9 ಪ್ರದರ್ಶಿಕೆಗಳಿಗೆ ನೆಲೆ ಸಿಗಲಿಲ್ಲ. ಅವನ್ನು ಬಿಚ್ಚಿ ಬೇರಿಂಗ್, ಮೋಟಾರು, ಬ್ಲೋವರ್‌ಗಳನ್ನು ಅದೇ ಬಗೆಯ ವಸ್ತು ಒಯ್ದವರಿಗೆ ಬಿಡಿಭಾಗಗಳಾಗಿ ಹಂಚಿದೆವು. ಗುತ್ತಿಗೆಯ ಪ್ರಕಾರ ನೆಲದ ಬೋಲ್ಟುಗಳನ್ನು ಕತ್ತರಿಸಿ, ಗೋಡೆಯ ತೂತುಗಳನ್ನು ಮುಚ್ಚಿ, ಬಣ್ಣ ಹೊಡೆಸಿಕೊಟ್ಟೆವು. ಲೋಲಕ ತೂಗುತ್ತಿದ್ದ ಚಾವಣಿಯ ಕೊಕ್ಕೆಯನ್ನು ಮಾತ್ರ, ಕಿತ್ತರೆ ತೊಲೆಗೆ ಪೆಟ್ಟಾದೀತೆಂದು ಎಂಜಿನಿಯರ್ ಹೇಳಿದ್ದರಿಂದ, ಹಾಗೆಯೇ ಬಿಡಬೇಕಾಯಿತು. ಅದು ಎಷ್ಟು ಭಾರ ಹೊರಬಲ್ಲದು, ಯಾವ ಕಡೆಯಿಂದ ಬಿಗಿಯಲಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಕೀಲಿಕೈಗಳ ಜೊತೆಗೆ ಮಾಲೀಕರ ಕೈಗೆ ಕೊಟ್ಟು ಬಂದೆವು.